ಪೈಥಾನ್ ಲೈಬ್ರರಿ ಡಾಕ್ಸ್‌ನ ಉದಾಹರಣೆ ತಿದ್ದುತ್ತಿದ್ದೇನೆ, ತಪ್ಪು ಔಟ್‌ಪುಟ್ ಹಾಕಿದರೂ ಡಾಕ್‌ಟೆಸ್ಟ್ ಪಾಸ್ ಆಗುತ್ತಿದೆ. ಏಕೆ?

ಅಡಿಕೆಹಾಳೆ (ಪ್ರಶ್ನೆ)

ಪೈಥಾನ್‌ನ ಅಧಿಕೃತ ಲೈಬ್ರರಿ ಡಾಕ್ಸ್‌ನಲ್ಲಿ ಸ್ಟ್ರಿಂಗ್ ಮೆಥಡ್‌ಗಳ ಭಾಗ ಮತ್ತು ಎಸ್‌ಕ್ಯುಲೈಟ್3 (ಡೇಟಾಬೇಸ್ ಮಾಡ್ಯೂಲ್) ಪುಟದ ಉದಾಹರಣೆಗಳನ್ನು ಸುಧಾರಿಸಿ ಪಿಆರ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಬೇಕೆಂದಿದ್ದೇನೆ. ಸಿಪೈಥಾನ್ (ಪೈಥಾನ್‌ನ ಮೂಲ ಕೋಡ್) ರೆಪೊ ಕ್ಲೋನ್ ಮಾಡಿ, ಡಾಕ್ ಫೋಲ್ಡರಿನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡಾಗಿದೆ. ಎಚ್‌ಟಿಎಂಎಲ್ ಬಿಲ್ಡ್ ಸರಿಯಾಗಿ ಬರುತ್ತಿದೆ. ಸಿಕ್ಕಿಕೊಂಡಿರುವುದು ಮೂರು ಕಡೆ.

ಮೊದಲನೆಯದು ಪರೀಕ್ಷೆಯದು. ಬೇಕೆಂದೇ ಒಂದು ಉದಾಹರಣೆಯ ಔಟ್‌ಪುಟ್ ಕೆಡಿಸಿ ‘ಮೇಕ್ ಡಾಕ್‌ಟೆಸ್ಟ್’ (ಉದಾಹರಣೆಗಳನ್ನು ಓಡಿಸಿ, ಬರೆದಿಟ್ಟ ಔಟ್‌ಪುಟ್ ಜೊತೆ ತಾಳೆ ನೋಡುವ ಪರೀಕ್ಷೆ) ಓಡಿಸಿದರೆ ಪಾಸ್. ಇನ್ನೊಂದರಲ್ಲಿ ವ್ಯಾಲ್ಯೂಎರರ್‌ನ ಸಂದೇಶವನ್ನೇ ಬದಲಿಸಿದರೆ ಅದೂ ಪಾಸ್. ಮೂರನೆಯದರಲ್ಲಿ ಒಂದು ಸಂಖ್ಯೆ ಬದಲಿಸಿದಾಗ ಮಾತ್ರ ಫೇಲ್. ಮೂರಕ್ಕೂ ಏನು ವ್ಯತ್ಯಾಸ?

ಎರಡನೆಯದು, ಯೂನಿಕೋಡ್ ತೋರಿಸಲು ಒಂದು ಕನ್ನಡ ಪದ ಬಳಸೋಣ ಎಂದುಕೊಂಡೆ. ಸ್ಲೈಸ್‌ನಿಂದ ತಿರುಗಿಸಿದರೆ:

>>> "ಕನ್ನಡ"[::-1]
'ಡನ್ನಕ'

ಇಂಥ ಉದಾಹರಣೆಯನ್ನು ಒಪ್ಪುತ್ತಾರೆಯೇ?

ಮೂರನೆಯದು ಎಸ್‌ಕ್ಯುಲೈಟ್3. ಕನೆಕ್ಷನ್ ಮೇಲೆ ‘ವಿತ್’ ಬಳಸಿದ ಉದಾಹರಣೆ ನೋಡಿದವರು ಬ್ಲಾಕ್ ಮುಗಿದ ಮೇಲೆ ಕನೆಕ್ಷನ್ ಮುಚ್ಚುತ್ತದೆ ಎಂದುಕೊಳ್ಳುತ್ತಾರೆ. ಅದನ್ನು ಹೇಗೆ ಬರೆದರೆ ಸರಿ?

(ಕೋಡಿನ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಓಡಿಸುವಾಗ ಮೂಲ ಹೆಸರು ಹಾಕಿಕೊಳ್ಳಿ.)


ಗಾಣದೆತ್ತು

ನಿಮ್ಮ ಮೂರೂ ಪ್ರಯೋಗಕ್ಕೆ ಬೇರೆ ಬೇರೆ ಕಾರಣ ಇದೆ. ಮೂರನೆಯದು ಸರಿಯಾಗಿ ಪರೀಕ್ಷೆಗೆ ಒಳಪಟ್ಟಿದೆ, ಅದಕ್ಕೇ ಫೇಲ್ ಆಯಿತು. ಉಳಿದೆರಡನ್ನು ನೋಡೋಣ.

ಮೊದಲನೆಯದು ಪರೀಕ್ಷೆಗೆ ಒಳಪಟ್ಟೇ ಇಲ್ಲ. ಆ ಉದಾಹರಣೆಯ ಮೇಲಿನ ಸಾಲು ಜೋಡಿ ಕೋಲನ್‌ನಿಂದ (::) ಮುಗಿಯುತ್ತಿರಬೇಕು, ನೋಡಿ. ಜೋಡಿ ಕೋಲನ್ ಕೆಳಗೆ ಇಂಡೆಂಟ್ ಆಗಿರುವುದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ (ಡಾಕ್ಸ್ ಬರೆಯುವ ಮಾರ್ಕಪ್) ಲೆಕ್ಕದಲ್ಲಿ ಬರೀ ಲಿಟರಲ್ ಬ್ಲಾಕ್, ಅಂದರೆ ಇದ್ದಂತೆಯೇ ತೋರಿಸುವ ಪಠ್ಯ. ಅದರೊಳಗೆ >>> ಇದ್ದರೂ ಸ್ಫಿಂಕ್ಸ್‌ನ (ಡಾಕ್ಸ್ ಬಿಲ್ಡ್ ಮಾಡುವ ಸಾಧನ) ಡಾಕ್‌ಟೆಸ್ಟ್ ಎಕ್ಸ್‌ಟೆನ್ಶನ್ ಅದನ್ನು ಮುಟ್ಟುವುದಿಲ್ಲ. ಬಣ್ಣ ಬರುತ್ತದೆ, ಕಾಪಿ ಬಟನ್ ಬರುತ್ತದೆ, ಪುಟದಲ್ಲಿ ನೋಡಿದರೆ ಪರೀಕ್ಷೆಯಾಗುವ ಬ್ಲಾಕಿಗೂ ಇದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಳೆಯ ಪುಟಗಳಲ್ಲಿ ತಪ್ಪು ಔಟ್‌ಪುಟ್ ವರ್ಷಗಟ್ಟಲೆ ಉಳಿದುಕೊಳ್ಳುವುದು ಇದರಿಂದಲೇ. ‘ಕೋಡ್-ಬ್ಲಾಕ್’ ಡೈರೆಕ್ಟಿವ್ ಬಳಸಿದರೂ ಇದೇ ಕಥೆ. ಪರೀಕ್ಷೆ ಆಗಬೇಕಾದರೆ ಜೋಡಿ ಕೋಲನ್ ಅನ್ನು ಒಂಟಿ ಮಾಡಿ, ಖಾಲಿ ಸಾಲು ಬಿಟ್ಟು, ‘.. ಡಾಕ್‌ಟೆಸ್ಟ್::’ ಡೈರೆಕ್ಟಿವ್ ಹಾಕಿ ಅದರ ಕೆಳಗೆ ಇಂಡೆಂಟ್ ಮಾಡಬೇಕು. >>> ಇಲ್ಲದ ಉದ್ದ ಪ್ರೋಗ್ರಾಂ ಆದರೆ ‘ಟೆಸ್ಟ್‌ಕೋಡ್’, ಅದರ ಹಿಂದೆಯೇ ‘ಟೆಸ್ಟ್‌ಔಟ್‌ಪುಟ್’.

ಬದಲಿಸಿದ್ದು ನಿಜಕ್ಕೂ ಪರೀಕ್ಷೆಗೆ ಸೇರಿತೇ ಎಂದು ತಿಳಿಯಲು ಕೆಡಿಸಿ ನೋಡುವುದು ಒಳ್ಳೆಯ ದಾರಿಯೇ. ಅದಕ್ಕಿಂತ ಸುಲಭದ್ದು ಕೊನೆಯ ಸಾರಾಂಶದಲ್ಲಿ ಬರುವ ಒಟ್ಟು ಟೆಸ್ಟ್‌ಗಳ ಸಂಖ್ಯೆ. ಡೈರೆಕ್ಟಿವ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಬರೆದಿಟ್ಟುಕೊಳ್ಳಿ. ಬ್ಲಾಕಿನಲ್ಲಿ ನಾಲ್ಕು >>> ಇದ್ದರೆ ಸಂಖ್ಯೆ ನಾಲ್ಕು ಏರಬೇಕು. ಪೂರ್ತಿ ವರದಿ ಬಿಲ್ಡ್ ಫೋಲ್ಡರಿನ ಡಾಕ್‌ಟೆಸ್ಟ್ ಉಪಫೋಲ್ಡರಿನಲ್ಲಿ ಔಟ್‌ಪುಟ್ ಎಂಬ ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತದೆ.

ಎರಡನೆಯದು, ಅಂದರೆ ಎರರ್ ಸಂದೇಶ ಬದಲಿಸಿದರೂ ಪಾಸ್ ಆಗಿದ್ದು, ಸ್ಫಿಂಕ್ಸ್‌ನ ಡೀಫಾಲ್ಟ್ ಫ್ಲ್ಯಾಗ್‌ಗಳಿಂದ (ತಾಳೆ ನೋಡುವ ರೀತಿ ಬದಲಿಸುವ ಆಯ್ಕೆಗಳು). ಪೈಥಾನ್‌ನ ಸ್ವಂತ ಡಾಕ್‌ಟೆಸ್ಟ್ ಮಾಡ್ಯೂಲ್ ಯಾವ ಫ್ಲ್ಯಾಗೂ ಇಲ್ಲದೆ ಶುರುವಾಗುತ್ತದೆ. ಸ್ಫಿಂಕ್ಸ್ ಮಾತ್ರ ಮೂರನ್ನು ತಾನೇ ಹಾಕಿಕೊಳ್ಳುತ್ತದೆ: ಎಲಿಪ್ಸಿಸ್, ಇಗ್ನೋರ್ ಎಕ್ಸೆಪ್ಷನ್ ಡೀಟೇಲ್, ಡೋಂಟ್ ಆಕ್ಸೆಪ್ಟ್ ಟ್ರೂ ಫಾರ್ ಒನ್. ಎರಡನೆಯ ಫ್ಲ್ಯಾಗ್ ಇದ್ದಾಗ ಎಕ್ಸೆಪ್ಷನ್‌ನ ಹೆಸರು ಮಾತ್ರ ತಾಳೆ ನೋಡುತ್ತದೆ. ಕೋಲನ್ ಆದಮೇಲಿನ ಮಾತು ಏನಿದ್ದರೂ ಸರಿ. ಟ್ರೇಸ್‌ಬ್ಯಾಕ್‌ನ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವಿನದ್ದನ್ನು ಡಾಕ್‌ಟೆಸ್ಟ್ ಹೇಗೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಉದಾಹರಣೆಗೆ ಸಂದೇಶವನ್ನೂ ಪರೀಕ್ಷಿಸಬೇಕೆಂದರೆ ಡೈರೆಕ್ಟಿವ್‌ನ ‘ಆಪ್ಷನ್ಸ್’ನಲ್ಲಿ ಆ ಫ್ಲ್ಯಾಗ್‌ನ ಹಿಂದೆ ಮೈನಸ್ ಹಾಕಬಹುದು. ನಾನಾದರೆ ಹಾಕುವುದಿಲ್ಲ. ಎರರ್ ಸಂದೇಶಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ, ಪ್ರತಿ ಸಲವೂ ಡಾಕ್ಸ್ ಮುರಿಯಬಾರದು. ಆದರೆ ಉದಾಹರಣೆ ಮುಟ್ಟಿದಾಗಲೆಲ್ಲ ಸಂದೇಶವನ್ನು ಹೊಸದಾಗಿ ಓಡಿಸಿ ಪೇಸ್ಟ್ ಮಾಡಿ.

ಎಲಿಪ್ಸಿಸ್ ಇನ್ನೂ ಮೋಸದ್ದು. ನಿರೀಕ್ಷಿತ ಔಟ್‌ಪುಟ್‌ನಲ್ಲಿ ಮೂರು ಚುಕ್ಕೆ ಎಲ್ಲಿದ್ದರೂ ಆ ಜಾಗದಲ್ಲಿ ಏನು ಬಂದರೂ ಒಪ್ಪುತ್ತದೆ. ಉದ್ದದ ಲಿಸ್ಟ್ ಅನ್ನು [1, 2, ...] ಎಂದು ಮೊಟಕು ಮಾಡಿದರೆ ಉಳಿದ ಅರ್ಧ ತಪ್ಪಿದ್ದರೂ ಪಾಸ್. ಇನ್ನೊಂದು: ಔಟ್‌ಪುಟ್‌ನ ಸಾಲು ಚುಕ್ಕೆಗಳಿಂದಲೇ ಶುರುವಾದರೆ ಪಾರ್ಸರ್ ಅದನ್ನು ಔಟ್‌ಪುಟ್ ಎಂದುಕೊಳ್ಳುವುದಿಲ್ಲ, ಮೇಲಿನ ಕೋಡಿನ ಮುಂದುವರಿಕೆ ಎಂದುಕೊಳ್ಳುತ್ತದೆ.

ಇನ್ನು ಎಲ್ಲರೂ ಎಡವುವುದು ಇಲ್ಲಿ: ಉದಾಹರಣೆಗಳು ಓಡುವುದು ಸ್ಫಿಂಕ್ಸ್ ಯಾವ ಪೈಥಾನ್ ಮೇಲೆ ಓಡುತ್ತಿದೆಯೋ ಅದರಲ್ಲಿ. ನೀವು ಮೇನ್ ಬ್ರಾಂಚಿನ ಡಾಕ್ಸ್ ತಿದ್ದುತ್ತಿದ್ದು ವೆನ್ವ್ (ವರ್ಚುವಲ್ ಎನ್ವಿರಾನ್‌ಮೆಂಟ್) ಮಾತ್ರ ಸಿಸ್ಟಮ್‌ನ 3.10ರದ್ದಾದರೆ, ಹೊಸ ಫೀಚರ್‌ನ ಉದಾಹರಣೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ಹೊಸ ಆವೃತ್ತಿಯಲ್ಲಿ ತಪ್ಪಾಗಿರುವುದು ನಿಮ್ಮಲ್ಲಿ ಪಾಸ್ ಆಗುತ್ತದೆ. ರೆಪೊದಲ್ಲೇ ಪೈಥಾನ್ ಬಿಲ್ಡ್ ಮಾಡಿ, ಮೇಕ್‌ಗೆ ‘ಪೈಥಾನ್=../ಪೈಥಾನ್’ ಎಂದು ಕೊಟ್ಟು ವೆನ್ವ್ ಅನ್ನು ಹೊಸದಾಗಿ ಮಾಡಿಕೊಳ್ಳಿ.

ಸಿಪೈಥಾನ್‌ನ ಡಾಕ್ಸ್ ಕಾನ್ಫಿಗರೇಶನ್‌ನಲ್ಲಿ ಡಾಕ್‌ಟೆಸ್ಟ್ ಶುರುವಾಗುವ ಮುಂಚೆ ವಾರ್ನಿಂಗ್‌ಗಳನ್ನೆಲ್ಲ ಎರರ್ ಮಾಡುವ ಸಾಲೂ ಇದೆ. ಹಾಗಾಗಿ ‘ಯುಟಿಸಿನೌ’ ಬಳಸಿದ ಉದಾಹರಣೆಯನ್ನು ಡೈರೆಕ್ಟಿವ್ ಒಳಗೆ ತಂದ ಕೂಡಲೇ ಅದು ಬೀಳುತ್ತದೆ, 3.12ರಿಂದ ಅದು ಡಿಪ್ರಿಕೇಟೆಡ್ (ಇನ್ನು ಬಳಸಬೇಡಿ ಎಂದು ಗುರುತಿಸಿದ್ದು). ಅಲ್ಲಿ ಟೈಮ್‌ಝೋನ್ ಯುಟಿಸಿ ಕೊಟ್ಟು ‘ನೌ’ ಕರೆಯುವುದು ಸರಿ. ವಾರ್ನಿಂಗ್ ಅನ್ನು ಬಾಯಿಮುಚ್ಚಿಸಲು ಹೋಗಬೇಡಿ. ಡಾಕ್ಸ್‌ನಲ್ಲಿ ಡಿಪ್ರಿಕೇಟೆಡ್ ಕೋಡ್ ಉಳಿಯಬಾರದು ಎಂದೇ ಆ ಸಾಲು ಅಲ್ಲಿರುವುದು.


ಸಾಲುಮರ

ಪರೀಕ್ಷೆಯ ವಿಚಾರ ಮೇಲೆ ಬಂದಿದೆ. ಪಾಸ್ ಆಗುವ ಉದಾಹರಣೆಯೂ ಕೆಲಸಕ್ಕೆ ಬಾರದ್ದಾಗಿರಬಹುದು, ಹೆಚ್ಚು ಸಲ ಹಾಗೇ ಇರುತ್ತದೆ. ಅದಕ್ಕೆ ಅಳತೆಗೋಲು ಒಂದೇ: ವಿಷಯವನ್ನು ತಪ್ಪಾಗಿ ತಿಳಿದವರೂ ಇದೇ ಉತ್ತರ ಊಹಿಸುತ್ತಿದ್ದರೇ? ಹೌದಾದರೆ ಇನ್‌ಪುಟ್ ಬದಲಿಸಬೇಕು.

ಆರ್‌ಸ್ಟ್ರಿಪ್ ತೆಗೆದುಕೊಳ್ಳಿ. ಅದಕ್ಕೆ ಕೊಡುವ ಸ್ಟ್ರಿಂಗ್ ಪ್ರತ್ಯಯ ಅಲ್ಲ, ಅಕ್ಷರಗಳ ಗುಂಪು. ಬಹುವಚನ ಕತ್ತರಿಸಲು ಯಾರೋ ಹೀಗೆ ಬರೆದರು ಅನ್ನಿ:

>>> "ಮರಗಳು".ಆರ್‌ಸ್ಟ್ರಿಪ್("ಗಳು")
'ಮರ'

ಉತ್ತರ ಸರಿಯಾಗಿಯೇ ಇದೆ. ಪ್ರತ್ಯಯ ತೆಗೆಯುತ್ತದೆ ಎಂದು ನಂಬಿದವರ ನಂಬಿಕೆ ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಈಗ ಪದ ಬದಲಿಸಿ:

>>> "ಬಾಗಿಲುಗಳು".ಆರ್‌ಸ್ಟ್ರಿಪ್("ಗಳು")
'ಬಾಗಿಲ'
>>> "ಹುಳುಗಳು".ಆರ್‌ಸ್ಟ್ರಿಪ್("ಗಳು")
'ಹ'
>>> "ಹುಳುಗಳು".ರಿಮೂವ್‌ಸಫಿಕ್ಸ್("ಗಳು")
'ಹುಳು'

ಗ, ಳ ಮತ್ತು ಉಕಾರದ ಚಿಹ್ನೆ ಈ ಮೂರರಲ್ಲಿ ಯಾವುದು ಸಿಕ್ಕರೂ ಬಲಗಡೆಯಿಂದ ತಿನ್ನುತ್ತಾ ಹೋಗುತ್ತದೆ, ‘ಹ’ ಸಿಕ್ಕಾಗ ನಿಲ್ಲುತ್ತದೆ. ಕೊನೆಯ ಎರಡು ಸಾಲು ಅಕ್ಕಪಕ್ಕ ಇದ್ದರೆ ಮೂರು ಪ್ಯಾರಾ ವಿವರಣೆ ಬೇಡ. ಅಧಿಕೃತ ಪುಟದಲ್ಲಿ ಆರ್‌ಸ್ಟ್ರಿಪ್ ಕೆಳಗೆ ರಿಮೂವ್‌ಸಫಿಕ್ಸ್ ಜೊತೆಗಿಟ್ಟು ತೋರಿಸಿರುವುದೂ ಇದೇ ಕಾರಣಕ್ಕೆ (ರಿಮೂವ್‌ಸಫಿಕ್ಸ್ ಬಂದದ್ದು 3.9ರಲ್ಲಿ).

ಇದೇ ಕಣ್ಣಿನಿಂದ ಬೇರೆಯವನ್ನೂ ನೋಡಿ. ರೌಂಡ್‌ಗೆ 3.7 ಕೊಟ್ಟರೆ ಏನೂ ತಿಳಿಯುವುದಿಲ್ಲ. 2.5ಕ್ಕೆ 2, 3.5ಕ್ಕೆ 4 ಎಂದು ತೋರಿಸಿದರೆ ಸಮಸಂಖ್ಯೆಯ ಕಡೆಗೆ ಹೋಗುವ ನಿಯಮ ಎದ್ದು ಕಾಣುತ್ತದೆ. ಜಿಪ್‌ಗೆ ಒಂದೇ ಉದ್ದದ ಎರಡು ಲಿಸ್ಟ್ ಕೊಟ್ಟರೆ ಉದ್ದದ್ದು ಮೌನವಾಗಿ ಕತ್ತರಿಸಿಹೋಗುವುದು ಕಾಣುವುದಿಲ್ಲ. ಮೂರರದ್ದೊಂದು, ಎರಡರದ್ದೊಂದು ಕೊಡಿ, ಪಕ್ಕದಲ್ಲೇ ‘ಸ್ಟ್ರಿಕ್ಟ್’ ಹಾಕಿದಾಗ ಬರುವ ವ್ಯಾಲ್ಯೂಎರರ್ ತೋರಿಸಿ (3.10ರಿಂದ). ಸಾರ್ಟೆಡ್‌ನಲ್ಲಿ ಬರೀ ಸಂಖ್ಯೆಗಳಿದ್ದರೆ ಸ್ಥಿರತೆ ಕಾಣದು. ಒಂದೇ ಕೀ ಇರುವ ಎರಡು ಜೋಡಿ ಬೇಕು.

ಈಗ ನಿಮ್ಮ ‘ಡನ್ನಕ’ಕ್ಕೆ ಬರೋಣ. ಅದು ಈ ಪರೀಕ್ಷೆಯಲ್ಲಿ ಬೀಳುತ್ತದೆ. ‘ಕನ್ನಡ’ ಅಂದರೆ ಐದು ಕೋಡ್ ಪಾಯಿಂಟ್ (ಯೂನಿಕೋಡ್ ಸಂಖ್ಯೆ ಕೊಟ್ಟಿರುವ ಒಂದೊಂದು ಚಿಹ್ನೆ): ಕ, ನ, ವಿರಾಮ, ನ, ಡ. ನಡುವಿನ ‘ನ್ನ’ ಎರಡೂ ಕಡೆಯಿಂದ ಒಂದೇ ಥರ ಇರುವುದರಿಂದ ತಿರುಗಿಸಿದರೂ ಒತ್ತಕ್ಷರ ಹಾಗೇ ಉಳಿಯಿತು. ಪೈಥಾನ್ ಅಕ್ಷರಗಳನ್ನು ಅಕ್ಷರಗಳಾಗಿಯೇ ತಿರುಗಿಸುತ್ತದೆ ಎಂಬ ತಪ್ಪು ನಂಬಿಕೆಗೆ ನಿಮ್ಮ ಉದಾಹರಣೆಯೇ ಸಾಕ್ಷಿ ಹೇಳಿದಂತಾಯಿತು! ಬದಲಿಗೆ:

>>> ಲೆನ್("ಕರ್ನಾಟಕ")
7
>>> "ಕರ್ನಾಟಕ"[::-1]
'ಕಟಾನ್ರಕ'

ದೀರ್ಘ ‘ನಾ’ದ ಮೇಲಿಂದ ಎದ್ದು ‘ಟ’ದ ಮೇಲೆ ಕೂತಿತು, ಅರ್ಕಾವತ್ತಿನ ಜಾಗದಲ್ಲಿ ‘ನ್ರ’ ಬಂತು. ಸ್ಲೈಸ್ ಕೆಲಸ ಮಾಡುವುದು ಕೋಡ್ ಪಾಯಿಂಟ್ ಮೇಲೆ ಎಂಬುದನ್ನು ಇದು ತಪ್ಪದೆ ತೋರಿಸುತ್ತದೆ.

ಡೆವಲಪರ್ ಗೈಡ್‌ನ ಡಾಕ್ಯುಮೆಂಟೇಶನ್ ಶೈಲಿಯ ಪುಟವನ್ನೂ ಓದಿಕೊಳ್ಳಿ. ಅಲ್ಲಿ ಎರಡು ಮಾತು ಮುಖ್ಯ. ಉದಾಹರಣೆ ನಿಜವಾದ ಬಳಕೆಗೆ ಹತ್ತಿರ ಇರಬೇಕು: ಆರ್‌ಪಾರ್ಟಿಷನ್ ತೋರಿಸಲು ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದ ಸಂಭಾಷಣೆಯ ಕೊನೆಯ ಪದ ಕತ್ತರಿಸುವುದಕ್ಕಿಂತ ಯುಆರ್‌ಎಲ್‌ನಿಂದ ಡೊಮೇನ್ ಬೇರ್ಪಡಿಸುವುದು ಮೇಲು ಎಂದು ಹೆಸರಿಟ್ಟೇ ಹೇಳಿದೆ. (ಆ ತಂಡದಿಂದಲೇ ಬಂದ ‘ಸ್ಪ್ಯಾಮ್’, ‘ಎಗ್ಸ್’ ಎಂಬ ಹೆಸರುಗಳ ನಗು ನಮ್ಮಲ್ಲಿ ಬಹಳ ಜನಕ್ಕೆ ತಲುಪುವುದೂ ಇಲ್ಲ.) ಇನ್ನೊಂದು, ಫಂಕ್ಷನ್‌ಗೆ ಸಮನಾದ ಪೈಥಾನ್ ಕೋಡ್ ಕೊಡುವ ವಿಚಾರ. ‘ಆಲ್’ಗೆ ಕೊಟ್ಟಿರುವ ನಾಲ್ಕು ಸಾಲು ಒಳ್ಳೆಯ ಮಾದರಿ, ಏಕೆಂದರೆ ಮಧ್ಯದಲ್ಲೇ ನಿಲ್ಲುವುದೂ ಖಾಲಿ ಇಟರಬಲ್‌ಗೆ ಟ್ರೂ ಬರುವುದೂ ಓದಿದ ಕೂಡಲೇ ಕಾಣುತ್ತದೆ. ಐಟರ್‌ಟೂಲ್ಸ್‌ನ ‘ಗ್ರೂಪ್‌ಬೈ’ಗೆ ಕೊಟ್ಟಿರುವುದನ್ನು ಆ ಗೈಡೇ ಅನುಮಾನದಿಂದ ನೋಡುತ್ತದೆ. ಸಮಾನ ಕೋಡ್ ಅರ್ಥ ಮಾಡಿಕೊಳ್ಳುವುದು ಮೂಲ ವಿವರಣೆಗಿಂತ ಕಷ್ಟವಾದರೆ ಬಿಟ್ಟುಬಿಡಿ.


ಕಾಗುಣಿತ

ಕನ್ನಡ ಪದ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು, ಆದರೆ ಬೇರೆ ಯಾವ ಲಿಪಿಯಿಂದಲೂ ಅಷ್ಟು ಚೆನ್ನಾಗಿ ತೋರಿಸಲಾಗದ ಕಡೆ ಮಾತ್ರ. ಅಂಥ ಜಾಗಗಳು ನಿಜಕ್ಕೂ ಇವೆ.

ಈಸ್‌ಆಲ್ಫಾ ನೋಡಿ. ಯೂನಿಕೋಡ್‌ನಲ್ಲಿ ‘ಅಕ್ಷರ’ ಎಂಬ ವರ್ಗದವುಗಳಿಗೆ ಮಾತ್ರ ಅದು ಟ್ರೂ. ನಮ್ಮ ಸ್ವರಚಿಹ್ನೆಗಳೂ ವಿರಾಮವೂ ‘ಮಾರ್ಕ್’ ವರ್ಗದವು, ಅಕ್ಷರ ವರ್ಗದವಲ್ಲ.

>>> "ಮರ".ಈಸ್‌ಆಲ್ಫಾ()
ಟ್ರೂ
>>> "ಮನೆ".ಈಸ್‌ಆಲ್ಫಾ()
ಫಾಲ್ಸ್
>>> "ಮನೆ".ಈಸ್‌ಐಡೆಂಟಿಫೈಯರ್()
ಟ್ರೂ

ಮನೆ ಎಂಬ ಹೆಸರಿನ ವೇರಿಯಬಲ್ ಇಡಬಹುದು, ಆದರೆ ಅದು ‘ಆಲ್ಫಾ’ ಅಲ್ಲ. ಇಂಗ್ಲಿಷ್ ಅಥವಾ ಜರ್ಮನ್ ಪದ ಇಟ್ಟುಕೊಂಡು ಇದನ್ನು ತೋರಿಸಲು ಬರುವುದಿಲ್ಲ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಪುಟದಲ್ಲಿ ಇದರ ಪರಿಣಾಮ ಇನ್ನೂ ದೊಡ್ಡದು. ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಎಂದರೆ ಈಸ್‌ಆಲ್‌ನಮ್ ಟ್ರೂ ಕೊಡುವ ಅಕ್ಷರಗಳು ಮತ್ತು ಅಂಡರ್‌ಸ್ಕೋರ್ ಎಂದು ಪುಟದಲ್ಲಿ ಬರೆದಿದೆ. ಓದಿದವರು ‘ಪದಗಳನ್ನು ಹಿಡಿಯುತ್ತದೆ’ ಎಂದೇ ತಿಳಿಯುತ್ತಾರೆ. ಅದಕ್ಕೊಂದು ಪ್ಲಸ್ ಸೇರಿಸಿ ಫೈಂಡ್‌ಆಲ್ ಕರೆದರೆ ‘ಕರ್ನಾಟಕ’ಕ್ಕೆ ಬರುವ ಉತ್ತರ:

['ಕರ', 'ನ', 'ಟಕ']

ವಿರಾಮವೂ ದೀರ್ಘದ ಚಿಹ್ನೆಯೂ ಹೊರಗುಳಿದು ಪದ ಮೂರು ತುಂಡು. ಕನ್ನಡ ಪದಗಳನ್ನು ಎಣಿಸುವ ಎಷ್ಟೋ ಸ್ಕ್ರಿಪ್ಟ್‌ಗಳ ಲೆಕ್ಕ ಕೆಡುವುದು ಇಲ್ಲೇ. ಆ ಪುಟಕ್ಕೆ ಒಂದೇ ಒಂದು ಉದಾಹರಣೆ ಸೇರಿಸುವುದಾದರೆ ನಾನು ಇದನ್ನು ಸೇರಿಸುತ್ತೇನೆ.

ಅಂಕಿಗಳ ವಿಷಯಕ್ಕೆ ಬಂದರೆ, ಈಸ್‌ಡೆಸಿಮಲ್ ವಿವರಣೆಯಲ್ಲಿ ಅರೇಬಿಕ್-ಇಂಡಿಕ್ ಸೊನ್ನೆಯ ಉಲ್ಲೇಖ ಈಗಾಗಲೇ ಇದೆ. ಇಂಟ್("೧೨೩") ಕೊಟ್ಟರೆ 123 ಬರುವುದು ನಿಜ, ಆದರೆ ಅಲ್ಲಿ ಇನ್ನೊಂದು ಲಿಪಿ ಸೇರಿಸಿದರೆ ಹೊಸದೇನೂ ತಿಳಿಯುವುದಿಲ್ಲ. ಅಲ್ಲಿ ಕೊರತೆ ಇರುವುದು ಮೇಲ್ಬರಹದ ಎರಡು (²) ಥರದ್ದಕ್ಕೆ: ಈಸ್‌ಡಿಜಿಟ್ ಟ್ರೂ, ಈಸ್‌ಡೆಸಿಮಲ್ ಫಾಲ್ಸ್, ಇಂಟ್‌ಗೆ ಕೊಟ್ಟರೆ ವ್ಯಾಲ್ಯೂಎರರ್. ಬಳಕೆದಾರರ ಇನ್‌ಪುಟ್ ಅನ್ನು ಈಸ್‌ಡಿಜಿಟ್‌ನಿಂದ ಪರೀಕ್ಷಿಸಿ ಇಂಟ್‌ಗೆ ಕಳಿಸುವವರು ಬೀಳುವ ಗುಂಡಿ ಅದು.

ಯೂನಿಕೋಡ್ ಪಠ್ಯವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್‌ಗೆ ‘ಕೋ’ ಚೆನ್ನಾಗಿ ಹೊಂದುತ್ತದೆ. ಎನ್‌ಎಫ್‌ಸಿ (ಕೂಡಿಸಿದ) ರೂಪದಲ್ಲಿ ಲೆನ್ 2, ಎನ್‌ಎಫ್‌ಡಿ (ಒಡೆದ) ರೂಪದಲ್ಲಿ 4, ಏಕೆಂದರೆ ಓಕಾರದ ಒಂದು ಚಿಹ್ನೆ ಮೂರಾಗಿ ಒಡೆಯುತ್ತದೆ. ಪರದೆಯ ಮೇಲೆ ಎರಡೂ ಒಂದೇ, == ಕೇಳಿದರೆ ಫಾಲ್ಸ್. ಫ್ರೆಂಚ್‌ನ ‘é’ ಎರಡಾಗಿ ಒಡೆಯುವ ಉದಾಹರಣೆಯನ್ನೇ ಎಲ್ಲರೂ ಕೊಡುವುದು. ಅದನ್ನು ನೋಡಿ, ಒಡೆದರೆ ಯಾವಾಗಲೂ ಎರಡೇ ಎಂದು ತಿಳಿದವರಿದ್ದಾರೆ.

ಎರಡು ಎಚ್ಚರಿಕೆ. ಟೈಪ್ ಮಾಡುವಾಗ ಕಣ್ಣಿಗೆ ಕಾಣದ ಝೀರೊ ವಿಡ್ತ್ ನಾನ್-ಜಾಯ್ನರ್ ಸೇರಿಕೊಂಡರೆ ಲೆನ್ ಉತ್ತರ ಒಂದು ಹೆಚ್ಚಾಗುತ್ತದೆ, ಎಲ್ಲಿ ಎಂದು ಹುಡುಕುವುದೇ ಕೆಲಸವಾಗುತ್ತದೆ. ಎನ್‌ಕೋಡ್ ಮಾಡಿ ಬೈಟ್ ಎಣಿಸಿ ನೋಡಿ: ಕನ್ನಡದ ಪ್ರತಿ ಕೋಡ್ ಪಾಯಿಂಟ್ ಯುಟಿಎಫ್-8ರಲ್ಲಿ 3 ಬೈಟ್, ‘ಕರ್ನಾಟಕ’ಕ್ಕೆ ಸರಿಯಾಗಿ 21. ಎರಡನೆಯದು, ವಿಮರ್ಶೆ ಮಾಡುವವರಿಗೆ ಕನ್ನಡ ಓದಲು ಬರುವುದಿಲ್ಲ. ಪಿಡಿಎಫ್ ಬಿಲ್ಡ್‌ನ ಮಾನೋಸ್ಪೇಸ್ ಫಾಂಟ್‌ನಲ್ಲಿ ಕನ್ನಡ ಗ್ಲಿಫ್ ಇಲ್ಲದಿದ್ದರೆ ಅಲ್ಲಿ ಖಾಲಿ ಜಾಗ ಬರುತ್ತದೆ. ಹಾಗಾಗಿ ಪದದ ಪಕ್ಕದ ಕಾಮೆಂಟ್‌ನಲ್ಲಿ ಕೋಡ್ ಪಾಯಿಂಟ್‌ಗಳ ಯೂನಿಕೋಡ್ ಹೆಸರುಗಳನ್ನು ಬರೆಯಿರಿ, ಇಲ್ಲವೇ ಸ್ಟ್ರಿಂಗ್ ಒಳಗೇ ಹೆಸರಿನ ಎಸ್ಕೇಪ್ ಬಳಸಿ. ಒಂದು ಪುಟಕ್ಕೆ ಒಂದು ಕನ್ನಡ ಉದಾಹರಣೆ ಸಾಕು.


ಗಾಣದೆತ್ತು

ಎಸ್‌ಕ್ಯುಲೈಟ್3 ವಿಚಾರ ಉಳಿದಿತ್ತು.

ಅಲ್ಲಿ ‘ವಿತ್ ಕನೆಕ್ಷನ್’ ಮಾಡುವುದು ಇಷ್ಟೇ: ಬ್ಲಾಕ್ ಸರಿಯಾಗಿ ಮುಗಿದರೆ ಕಮಿಟ್, ಎಕ್ಸೆಪ್ಷನ್ ಬಂದರೆ ರೋಲ್‌ಬ್ಯಾಕ್. ಟ್ರಾನ್ಸಾಕ್ಷನ್ ತೆರೆಯುವುದೂ ಇಲ್ಲ, ಕನೆಕ್ಷನ್ ಮುಚ್ಚುವುದೂ ಇಲ್ಲ. ಡಾಕ್ಸ್‌ನಲ್ಲಿ ಮಾತಿನಲ್ಲಿ ಹೇಳಿದೆ. ಆದರೆ ಫೈಲ್ ತೆರೆಯುವ ‘ವಿತ್’ ಅಭ್ಯಾಸ ಕೈಗೆ ಅಂಟಿರುವುದರಿಂದ ಮಾತನ್ನು ಯಾರೂ ಓದುವುದಿಲ್ಲ. ಉದಾಹರಣೆಯಲ್ಲಿ ಎರಡು ‘ವಿತ್’ ಬ್ಲಾಕ್ ಒಂದರ ಕೆಳಗೊಂದು ಒಂದೇ ಕನೆಕ್ಷನ್ ಮೇಲೆ ಇರಲಿ. ಎರಡನೆಯದರಲ್ಲಿ ಯುನೀಕ್ ಕಾಲಂಗೆ ಅದೇ ಬೆಲೆ ಹಾಕಿ ಇಂಟೆಗ್ರಿಟಿಎರರ್ ಬರಿಸಿ. ಮೊದಲ ಬ್ಲಾಕ್ ಕನೆಕ್ಷನ್ ಮುಚ್ಚಿಲ್ಲ ಎನ್ನುವುದು ಎರಡನೆಯದು ಓಡಿದ್ದರಿಂದಲೇ ಗೊತ್ತಾಗುತ್ತದೆ. ಕೊನೆಯಲ್ಲಿ ಕ್ಲೋಸ್ ಅನ್ನು ಎಲ್ಲರಿಗೂ ಕಾಣುವಂತೆ ಬರೆಯಿರಿ. ತಾನಾಗೇ ಮುಚ್ಚಬೇಕು ಎನ್ನುವವರಿಗೆ ಕಾಂಟೆಕ್ಸ್ಟ್‌ಲಿಬ್‌ನ ‘ಕ್ಲೋಸಿಂಗ್’ ಇದೆ.

3.13ರಿಂದ ಮುಚ್ಚದೆ ಬಿಟ್ಟ ಕನೆಕ್ಷನ್ ಅಳಿಯುವಾಗ ರಿಸೋರ್ಸ್‌ವಾರ್ನಿಂಗ್ ಬರುತ್ತದೆ. ವಾರ್ನಿಂಗ್‌ಗಳು ಎರರ್ ಆಗಿದ್ದರೂ ಇದರಿಂದ ಡಾಕ್‌ಟೆಸ್ಟ್ ಬೀಳುತ್ತದೆ ಎಂದು ನಂಬಿಕೊಳ್ಳಬೇಡಿ. ಆಬ್ಜೆಕ್ಟ್ ಅಳಿಯುವ ಹೊತ್ತಿನಲ್ಲಿ ಎದ್ದ ಎಕ್ಸೆಪ್ಷನ್ ಮೇಲಕ್ಕೆ ಹೋಗುವುದಿಲ್ಲ, ಎರರ್ ಸ್ಟ್ರೀಮ್‌ಗೆ ‘ಇಗ್ನೋರ್ಡ್’ ಎಂದು ಒಂದು ಸಂದೇಶ ಬೀಳುತ್ತದೆ ಅಷ್ಟೇ. ಡಾಕ್‌ಟೆಸ್ಟ್ ನೋಡುವುದು ಸ್ಟ್ಯಾಂಡರ್ಡ್ ಔಟ್‌ಪುಟ್ ಒಂದನ್ನೇ. ಲಾಗ್ ಅನ್ನು ಕಣ್ಣಾರೆ ಓದಿ.

ದಿನಾಂಕದ ಉದಾಹರಣೆ ಇದ್ದರೆ ಅದು ಖಂಡಿತ ಬೀಳುತ್ತದೆ. ದಿನಾಂಕವನ್ನು ಡೇಟಾಬೇಸ್‌ಗೆ ಹೊಂದುವಂತೆ ಬದಲಿಸುವ ಡೀಫಾಲ್ಟ್ ಡೇಟ್ ಅಡಾಪ್ಟರ್‌ಗಳು 3.12ರಿಂದ ಡಿಪ್ರಿಕೇಟೆಡ್. ಐಸೊಫಾರ್ಮ್ಯಾಟ್ ಮಾಡಿ ಟೆಕ್ಸ್ಟ್ ಆಗಿ ಕೂಡಿಸುವುದೋ, ಸ್ವಂತ ಅಡಾಪ್ಟರ್ ನೋಂದಾಯಿಸುವುದೋ ಮಾಡಿ.

ಉದಾಹರಣೆ ಡಿಸ್ಕಿಗೆ ಬರೆಯುವುದಾದರೆ ಎರಡನೇ ಸಲ ಓಡಿಸಿ ನೋಡದೆ ಪಿಆರ್ ಕಳಿಸಬೇಡಿ. ಮೊದಲ ಸಲ ಟೇಬಲ್ ಮಾಡಿದ ಫೈಲ್ ಅಲ್ಲೇ ಉಳಿದಿರುತ್ತದೆ, ಎರಡನೇ ಸಲ ‘ಟೇಬಲ್ ಈಗಾಗಲೇ ಇದೆ’ ಎಂದು ಬೀಳುತ್ತದೆ. ಆ ಪುಟದ ಟ್ಯುಟೋರಿಯಲ್‌ಗೆ ಇದಕ್ಕೊಂದು ಚಂದದ ಉಪಾಯ ಮಾಡಿದ್ದಾರೆ: ಓದುಗರಿಗೆ ಕಾಣದ ‘ಟೆಸ್ಟ್‌ಸೆಟಪ್’ನಲ್ಲಿ ಮೆಮೊರಿಯ ಖಾಲಿ ಡೇಟಾಬೇಸ್ ಒಂದನ್ನು ಟ್ಯುಟೋರಿಯಲ್‌ನ ಫೈಲ್ ಮೇಲೆ ‘ಬ್ಯಾಕಪ್’ ಮಾಡುತ್ತಾರೆ. ಹಳೆಯದೆಲ್ಲ ಅಳಿದು ಪ್ರತಿ ಸಲವೂ ಖಾಲಿಯಿಂದ ಶುರು. ನೀವು ಹೊಸದು ಬರೆಯುವಾಗ ಸಾಧ್ಯವಿದ್ದಷ್ಟೂ ಮೆಮೊರಿ ಡೇಟಾಬೇಸ್ ಬಳಸಿ, ಈ ಕಸರತ್ತೇ ಬೇಡ.

ಇನ್ನು ಎಸ್‌ಕ್ಯುಎಲ್ ಒಳಗೆ ಎಫ್-ಸ್ಟ್ರಿಂಗ್ ಎಂದೂ ಬೇಡ, ವಿಷಯ ಬೇರೆಯೇ ಆಗಿದ್ದರೂ. ಜನ ಉದಾಹರಣೆಯನ್ನೇ ಕಾಪಿ ಮಾಡುವುದು, ಪಕ್ಕದ ಎಚ್ಚರಿಕೆಯನ್ನಲ್ಲ. ಪ್ರಶ್ನಾರ್ಥಕ ಚಿಹ್ನೆಯ ಪ್ಲೇಸ್‌ಹೋಲ್ಡರ್ ಹಾಕಿ.


ಅಡಿಕೆಹಾಳೆ

ಬಹಳ ಉಪಕಾರ. ಜೋಡಿ ಕೋಲನ್‌ದೇ ಸಮಸ್ಯೆ. ಡೈರೆಕ್ಟಿವ್‌ಗೆ ಬದಲಿಸಿದ ಕೂಡಲೇ ಎರಡು ಹೊಸ ಫೇಲ್ ಬಂದಿವೆ.

ಒಂದರಲ್ಲಿ ಸೆಟ್ ಪ್ರಿಂಟ್ ಆಗುತ್ತಿದೆ: ಒಮ್ಮೆ ಪಾಸ್, ಒಮ್ಮೆ ಫೇಲ್. ಇನ್ನೊಂದರಲ್ಲಿ ನೇಮ್‌ಎರರ್. ಅಲ್ಲಿ ಇಂಪೋರ್ಟ್ ಸಾಲು ಇಲ್ಲ. ಅದನ್ನು ಕಾಣದಂತೆ ಟೆಸ್ಟ್‌ಸೆಟಪ್‌ಗೆ ಹಾಕಲೇ, ಉದಾಹರಣೆಯಲ್ಲೇ ಬರೆಯಲೇ?


ಸಾಲುಮರ

ಸೆಟ್‌ನದ್ದು ಸುಲಭ. ಸ್ಟ್ರಿಂಗ್‌ಗಳ ಹ್ಯಾಶ್ ಪ್ರತಿ ಓಟಕ್ಕೂ ಬದಲಾಗುತ್ತದೆ (3.3ರಿಂದ ಅದು ಡೀಫಾಲ್ಟ್), ಹಾಗಾಗಿ ಸ್ಟ್ರಿಂಗ್‌ಗಳ ಸೆಟ್ ಯಾವ ಕ್ರಮದಲ್ಲಿ ಪ್ರಿಂಟ್ ಆಗುತ್ತದೆ ಎಂಬ ಖಾತ್ರಿ ಇಲ್ಲ. ಹ್ಯಾಶ್ ಸೀಡ್ ಕಟ್ಟಿಹಾಕಿ ಪಾಸ್ ಮಾಡಿಸಿದರೆ ಓದುಗರ ಯಂತ್ರದಲ್ಲಿ ಬೇರೆ ಬರುತ್ತದೆ. ‘ಸಾರ್ಟೆಡ್’ ಒಳಗೆ ಹಾಕಿ, ಇಲ್ಲವೇ == ಜೊತೆ ಹೋಲಿಸಿ ಟ್ರೂ ತೋರಿಸಿ. ನನಗೆ ಸಾರ್ಟೆಡ್ ಇಷ್ಟ, ಒಳಗೆ ಏನಿದೆ ಎಂದು ಕಾಣುತ್ತದೆ. ಡಿಕ್ಷನರಿಗೆ ಈ ತಂಟೆ ಇಲ್ಲ, 3.7ರಿಂದ ಸೇರಿಸಿದ ಕ್ರಮವೇ ಖಾತ್ರಿ. ಮೆಮೊರಿ ವಿಳಾಸ ಬರುವ ರಿಪ್ರ್ (ಆಬ್ಜೆಕ್ಟ್ ಪರದೆಯಲ್ಲಿ ಕಾಣುವ ಪಠ್ಯರೂಪ) ಆದರೆ ವಿಳಾಸದ ಜಾಗಕ್ಕೆ ಮಾತ್ರ ಎಲಿಪ್ಸಿಸ್.

ಇಂಪೋರ್ಟ್ ಕಾಣಬೇಕು. ಪ್ರತಿ ಸ್ವತಂತ್ರ ಉದಾಹರಣೆಯಲ್ಲೂ. ಸರ್ಚ್‌ನಿಂದ ಬಂದವರು ನೇರ ಪುಟದ ಮಧ್ಯಕ್ಕೆ ಇಳಿಯುತ್ತಾರೆ. ಕಾಪಿ ಮಾಡಿ ಅಂಟಿಸಿದಾಗ ಮೊದಲೇ ನೇಮ್‌ಎರರ್ ಬಂದರೆ ಆ ಉದಾಹರಣೆ ಇದ್ದೂ ಇಲ್ಲದಂತೆ.


ಗಾಣದೆತ್ತು

ಇಂಪೋರ್ಟ್ ವಿಚಾರದಲ್ಲಿ ಅಷ್ಟು ಖಡಾಖಂಡಿತ ಹೇಳಲಾಗುವುದಿಲ್ಲ. ಐಟರ್‌ಟೂಲ್ಸ್ ಥರದ ಪುಟದಲ್ಲಿ ಪ್ರತಿ ಎರಡು ಸಾಲಿನ ಉದಾಹರಣೆಗೂ ಇಂಪೋರ್ಟ್ ಹಾಕಿದರೆ ಅರ್ಧ ಪುಟ ಅದೇ ಆಗುತ್ತದೆ. ಪುಟ ಯಾವ ಮಾಡ್ಯೂಲಿನದೋ ಅದೇ ಮಾಡ್ಯೂಲ್ ಆದರೆ ಟೆಸ್ಟ್‌ಸೆಟಪ್‌ನಲ್ಲಿ ಅಡಗಿಸಬಹುದು. ಬೇರೆ ಮಾಡ್ಯೂಲ್ ಬಳಸಿದರೆ ಕಾಣಿಸಲೇಬೇಕು. ಆ ಪುಟದಲ್ಲಿ ಈಗಾಗಲೇ ಯಾವ ರೂಢಿ ಇದೆಯೋ ಅದನ್ನೇ ಹಿಡಿಯಿರಿ, ವಿಮರ್ಶೆಯಲ್ಲಿ ಜಗಳ ಆಗುವುದಿಲ್ಲ.

ಒಂದು ಗುಪ್ತ ದೋಷ ಗಮನಿಸಿ. ಒಂದೇ ಪುಟದ ಡೈರೆಕ್ಟಿವ್‌ಗಳಿಗೆ ಗುಂಪಿನ ಹೆಸರು ಕೊಡದಿದ್ದರೆ ಎಲ್ಲವೂ ಒಂದೇ ನೇಮ್‌ಸ್ಪೇಸ್‌ನಲ್ಲಿ ಮೇಲಿನಿಂದ ಕೆಳಗೆ ಓಡುತ್ತವೆ. ಮೂರನೇ ಉದಾಹರಣೆ ಮೊದಲನೆಯದರ ವೇರಿಯಬಲ್ ಮೇಲೆ ಗೊತ್ತಿಲ್ಲದೆ ನಿಂತಿದ್ದರೂ ಪಾಸ್. ಮುಂದೆ ಯಾರೋ ಮೊದಲನೆಯದನ್ನು ತೆಗೆದಾಗ ಮೂರನೆಯದು ಬೀಳುತ್ತದೆ. ಗುಂಪಿನ ಹೆಸರು ಕೊಟ್ಟು ಒಮ್ಮೆ ಬೇರ್ಪಡಿಸಿ ಓಡಿಸಿ ನೋಡಿ.


ಮಣೆಗಾರ

ಪಿಆರ್ ಕಳಿಸುವ ಮುನ್ನ ಕೆಲವು ಮಾತು, ಇವುಗಳಲ್ಲಿ ತಪ್ಪಿದರೆ ಒಳ್ಳೆಯ ಬದಲಾವಣೆಯೂ ತಿಂಗಳುಗಟ್ಟಲೆ ನಿಲ್ಲುತ್ತದೆ.

ಮೇಲಿನ ಎಲ್ಲವನ್ನೂ ಒಂದೇ ಪಿಆರ್‌ಗೆ ತುಂಬಬೇಡಿ. ಆರ್‌ಸ್ಟ್ರಿಪ್ ಒಂದು, ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಒಂದು, ಎಸ್‌ಕ್ಯುಲೈಟ್3 ಒಂದು. ಆ ಮಾಡ್ಯೂಲ್ ನೋಡಿಕೊಳ್ಳುವವರು ಬೇರೆ ಬೇರೆ, ಒಬ್ಬರ ತಕರಾರಿಗೆ ಉಳಿದೆರಡು ಕಾಯಬಾರದು. ಜೋಡಿ ಕೋಲನ್ ಅನ್ನು ಡೈರೆಕ್ಟಿವ್ ಮಾಡುವ ಯಾಂತ್ರಿಕ ಬದಲಾವಣೆಯನ್ನೂ ಹೊಸ ಉದಾಹರಣೆಯ ಜೊತೆ ಬೆರೆಸಬೇಡಿ. ಡಿಫ್ ಓದುವವರಿಗೆ ಯಾವುದು ಇಂಡೆಂಟ್, ಯಾವುದು ಹೊಸ ಮಾತು ಎಂದು ತಿಳಿಯುವುದಿಲ್ಲ.

ಮೇನ್ ಬ್ರಾಂಚಿನಿಂದ ಶುರುಮಾಡಿ. ಡಾಕ್ಸ್ ಬದಲಾವಣೆಗೆ ನ್ಯೂಸ್ ಎಂಟ್ರಿ ಬೇಕಿಲ್ಲ. ಸಣ್ಣ ತಿದ್ದುಪಡಿಗೆ ಇಶ್ಯೂ ಕೂಡ ಬೇಡ, ಹೊಸ ಉದಾಹರಣೆ ಸೇರಿಸುವುದಾದರೆ ತೆರೆಯುವುದು ಒಳ್ಳೆಯದು. ಕಾಂಟ್ರಿಬ್ಯೂಟರ್ ಒಪ್ಪಂದಕ್ಕೆ ಸಹಿ ಕೇಳುತ್ತದೆ, ಒಮ್ಮೆ ಮಾಡಿದರೆ ಆಯಿತು. ‘ಮೇಕ್ ಚೆಕ್’ ಓಡಿಸಿದರೆ ಸ್ಫಿಂಕ್ಸ್-ಲಿಂಟ್ ಸಾಲಿನ ಕೊನೆಯ ಸ್ಪೇಸ್, ಒಂಟಿ ಬ್ಯಾಕ್‌ಟಿಕ್ ಥರದ್ದನ್ನು ಹಿಡಿಯುತ್ತದೆ. ವಿಮರ್ಶೆ ಶುರುವಾದ ಮೇಲೆ ಫೋರ್ಸ್ ಪುಶ್ ಬೇಡ. ಮರ್ಜ್ ಮಾಡುವಾಗ ಹೇಗೂ ಎಲ್ಲ ಕಮಿಟ್‌ಗಳನ್ನು ಒಂದು ಮಾಡುತ್ತಾರೆ.

ಹಿಂದಿನ ಆವೃತ್ತಿಗೆ ಬ್ಯಾಕ್‌ಪೋರ್ಟ್ ಮಾಡುವುದು (ಅದೇ ಬದಲಾವಣೆಯನ್ನು ಅಲ್ಲಿಗೂ ಸೇರಿಸುವುದು) ಕೋರ್ ಡೆವಲಪರ್ ಹಾಕುವ ಲೇಬಲ್‌ನಿಂದ, ಬಾಟ್ ಅದನ್ನು ಮಾಡುತ್ತದೆ. ನಿಮ್ಮ ಉದಾಹರಣೆಯಲ್ಲಿ ಆ ಆವೃತ್ತಿಯಲ್ಲಿಲ್ಲದ ಫೀಚರ್ ನುಸುಳಿದ್ದರೆ ಬ್ಯಾಕ್‌ಪೋರ್ಟ್‌ನ ಡಾಕ್‌ಟೆಸ್ಟ್ ಬೀಳುತ್ತದೆ. ವಿಷಯಕ್ಕೆ ಅಗತ್ಯವಿಲ್ಲದ ಹೊಸ ಸಿಂಟ್ಯಾಕ್ಸ್ ಬಳಸಬೇಡಿ.

ಪಕ್ಕದ ಪ್ಯಾರಾದ ಇಂಗ್ಲಿಷ್ ಚೆನ್ನಾಗಿಲ್ಲ ಎಂದು ಒಂದೆರಡು ಪದ ತಿದ್ದುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಜಪಾನೀಸ್, ಫ್ರೆಂಚ್ ಮುಂತಾದ ಅನುವಾದಗಳು ಗೆಟ್‌ಟೆಕ್ಸ್ಟ್ ಎಂಬ ಅನುವಾದ ವ್ಯವಸ್ಥೆಯ ಮೇಲೆ ನಡೆಯುತ್ತವೆ. ಪ್ಯಾರಾದಲ್ಲಿ ಒಂದು ಪದ ಬದಲಾದರೂ ಅದರ ಅನುವಾದ ‘ಫಜಿ’ (ಖಚಿತವಿಲ್ಲದ್ದು) ಎಂದಾಗಿ, ಯಾರಾದರೂ ಮತ್ತೆ ನೋಡುವವರೆಗೆ ಆ ಜಾಗದಲ್ಲಿ ಇಂಗ್ಲಿಷ್ ಕಾಣುತ್ತದೆ. ಅರ್ಥ ತಪ್ಪಿದ್ದರೆ ಮಾತ್ರ ಮುಟ್ಟಿ.

ಕೊನೆಯದು ಪರವಾನಗಿ. 3.8.6ರಿಂದ ಡಾಕ್ಸ್‌ನ ಉದಾಹರಣೆ ಕೋಡ್ ಪಿಎಸ್‌ಎಫ್ (ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್) ಲೈಸೆನ್ಸ್ ಮತ್ತು ಝೀರೊ ಕ್ಲಾಸ್ ಬಿಎಸ್‌ಡಿ ಎರಡರ ಅಡಿಯಲ್ಲೂ ಇದೆ, ಅಂದರೆ ಹೆಸರು ಹೇಳದೆಯೂ ಯಾರು ಬೇಕಾದರೂ ಬಳಸಬಹುದು. ಸ್ಟ್ಯಾಕ್ ಓವರ್‌ಫ್ಲೋ ಉತ್ತರಗಳು ಕ್ರಿಯೇಟಿವ್ ಕಾಮನ್ಸ್‌ನ ಶೇರ್-ಅಲೈಕ್ ಪರವಾನಗಿಯವು, ಅಲ್ಲಿಂದ ಎತ್ತಿ ಇಲ್ಲಿ ಹಾಕುವಂತಿಲ್ಲ. ನಿಮ್ಮದೇ ಬರೆಯಿರಿ.


ಅಡಿಕೆಹಾಳೆ

ಸರಿ, ಮೊದಲು ಆರ್‌ಸ್ಟ್ರಿಪ್ ಒಂದನ್ನೇ ಕಳಿಸುತ್ತೇನೆ. ಕೊನೆಯ ಸಣ್ಣ ಪ್ರಶ್ನೆ: ನೆಟ್‌ವರ್ಕ್ ಬೇಕಾದ ಉದಾಹರಣೆಗೆ ‘ಸ್ಕಿಪ್’ ಫ್ಲ್ಯಾಗ್ ಹಾಕುವುದೋ, ಜೋಡಿ ಕೋಲನ್‌ನಲ್ಲೇ ಬಿಡುವುದೋ?


ಗಾಣದೆತ್ತು

ಸ್ಕಿಪ್. ಪುಟದಲ್ಲಿ ಆ ಕಾಮೆಂಟ್ ಕಾಣುವುದಿಲ್ಲ, ಸ್ಫಿಂಕ್ಸ್ ಅದನ್ನು ತೆಗೆದೇ ತೋರಿಸುತ್ತದೆ. ಸೋರ್ಸ್‌ನಲ್ಲಿ ಮಾತ್ರ ‘ಇದನ್ನು ಗೊತ್ತಿದ್ದೇ ಬಿಟ್ಟಿದ್ದಾರೆ’ ಎಂಬ ಗುರುತು ಉಳಿಯುತ್ತದೆ. ಜೋಡಿ ಕೋಲನ್‌ನಲ್ಲಿ ಬಿಟ್ಟರೆ ಮರೆತದ್ದೋ ಬಿಟ್ಟದ್ದೋ ತಿಳಿಯುವುದಿಲ್ಲ. ಫ್ಲ್ಯಾಗ್ ಅನ್ನು ನೆಟ್‌ವರ್ಕ್ ಮುಟ್ಟುವ ಸಾಲಿಗೆ ಮಾತ್ರ ಹಾಕಿ. ಅದರ ಫಲಿತಾಂಶದ ಮೇಲೆ ನಿಂತ ಸಾಲುಗಳಿದ್ದರೆ ಅವಕ್ಕೂ ಹಾಕಬೇಕು, ಇಲ್ಲದಿದ್ದರೆ ನೇಮ್‌ಎರರ್.